ಕಾಲರ್ ಮೈಕಿನವನು

ಕಿಸುಮುವಿನಲ್ಲಿ, ಸರೋವರದ ಕಡೆ ಮುಖ ಮಾಡಿದ ಹೋಟೆಲಿನ
ಮೇಲಂತಸ್ತಿನ ಸಭಾಂಗಣದಲ್ಲಿ
ಹದಿನಾಲ್ಕು ವರ್ಷದಿಂದ ನನ್ನದು ಒಂದೇ ಕೆಲಸ:
ಮಾತಾಡುವವರ ಗದ್ದದಿಂದ ಕೆಳಗೆ ಒಂದು ಗೇಣು ಅಳೆದು
ಕಡಲೆಕಾಳಿನಷ್ಟು ಮೈಕು ಸಿಕ್ಕಿಸುವುದು.

ಹೆಸರು ಬರಾಸಾ. ಯಾರೂ ಕೇಳುವುದಿಲ್ಲ.
ಆದರೆ ಅವರ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು
ಮೊದಲು ಕೇಳಿಸಿಕೊಳ್ಳುವವನು ನಾನು, ಹಿಂದಿನ ಮೂಲೆಯಲ್ಲಿ
ಹೆಡ್‌ಫೋನ್ ಏರಿಸಿಕೊಂಡು.
ಬ್ಯಾಂಕಿನ ದೊಡ್ಡವರದೂ ಡಬಡಬ,
ಬೀಜದ ಕಂಪನಿಯ ಹುಡುಗನದೂ ಡಬಡಬ.

ಹೇಳುತ್ತೇನೆ, ದಿನಾ ಹೇಳುತ್ತೇನೆ:
ಜೇಬಿನ ಚಿಲ್ಲರೆ ತೆಗೆದಿಡಿ ಸಾರ್,
ನಿಮಗೇ ತಿಳಿಯದೆ ನಿಮ್ಮ ಕೈ ಅದನ್ನು ಎಣಿಸತೊಡಗುತ್ತದೆ.
ಕೊರಳ ಬಿಲ್ಲೆ ಅಂಗಿಯೊಳಗೆ ಹಾಕಿ.
ಪೆನ್ನು ಬೇಡ. ಬೇಡ ಅಂದರೆ ಬೇಡ.
ಕಂಪ್ಯೂಟರಿನ ಬಾಯಿ ಕಟ್ಟಿದ್ದೀರಾ?

ದೊಡ್ಡ ಮಳೆಯ ತಿಂಗಳಲ್ಲಿ ವಿಮೆಯವರೊಬ್ಬರು ಬಂದಿದ್ದರು.
ಕೋಟು ಇಸ್ತ್ರಿ, ಕೂದಲು ಇಸ್ತ್ರಿ, ನಗೆಯೂ ಇಸ್ತ್ರಿ.
ಪರದೆಯ ಮೇಲೆ ಲಾಭದ ಗೆರೆ ಏರುತ್ತಿದ್ದಾಗ
ಮೂಲೆಯಲ್ಲಿ ಟಣ್ಣೆಂದು ಹೆಂಡತಿಯ ಸಂದೇಶ:
‘ಆಡು ಮತ್ತೆ ಪಕ್ಕದವರ ಸುಕುಮಾ ಸೊಪ್ಪು ತಿಂದಿದೆ.
ಬಾಗಿಲಲ್ಲಿ ನಿಂತಿದ್ದಾರೆ. ದುಡ್ಡು ಕಳಿಸಿ.’
ಇನ್ನೂರು ಜನ ಓದಿದರು.
ಲಾಭ ಎಷ್ಟಿತ್ತೆಂದು ಇವತ್ತು ಯಾರಿಗೂ ನೆನಪಿಲ್ಲ.
ಆಡು ನೆನಪಿದೆ.

ಈ ಬೆಳಿಗ್ಗೆ ಆವೂರ್ ಒದೆರಾ ಬಂದಳು,
ಮೀನುಗಾರಿಕೆ ಇಲಾಖೆಯವಳು, ಮೊದಲ ದೊಡ್ಡ ಸಭೆ.
ಬೂದು ಸೂಟು ತಂಗಿಯದಂತೆ, ತೋಳು ಎರಡು ಬೆರಳು ಗಿಡ್ಡ.
ಕಿವಿಯಲ್ಲಿ ಹಿತ್ತಾಳೆಯ ಉದ್ದ ಲೋಲಾಕು.
‘ಬಿಚ್ಚಬೇಕು ಮೇಡಂ. ನೀವು ತಲೆ ಆಡಿಸಿದಾಗಲೆಲ್ಲ
ನನ್ನ ಕಿವಿಯಲ್ಲಿ ತಗಡಿನ ಮೇಲೆ ಆಲಿಕಲ್ಲು.’
ಬಿಚ್ಚಿ ನನ್ನ ಅಂಗೈಗಿಟ್ಟಳು. ಬೆಚ್ಚಗಿದ್ದವು.
ಹಲ್ಲಲ್ಲಿ ಏನಾದರೂ ಸಿಕ್ಕಿದೆಯಾ ನೋಡಿ ಅಂದಳು,
ಈ ಎಂದು ತೋರಿಸಿದಳು. ಇಲ್ಲ ಅಂದೆ.

ನಿಂತಳು. ಓಲಾಡಲಿಲ್ಲ.
ಕೂದಲು ಮುಟ್ಟಿಕೊಳ್ಳಲಿಲ್ಲ, ಪರದೆಯ ಕಡೆ ತಿರುಗಿ
ಪಾಠ ಒಪ್ಪಿಸಲಿಲ್ಲ.
ಎದೆ ಅದೇ ಡಬಡಬ; ದನಿ ಮಾತ್ರ
ತುಂಬಿದ ಕೊಡ.

ಐದನೆಯ ಚಿತ್ರಕ್ಕೆ ಕೈ ಎತ್ತಿದಾಗ ಕಂಡಿತು:
ಗಿಡ್ಡ ತೋಳಿನ ಅಂಚು ದಾಟಿ, ಮಣಿಕಟ್ಟಿನ ಮೇಲೆ
ಒಂದು ಮೀನಿನ ಹುರುಪೆ.
ಬೆಳಗಿನ ಜಾವ ದೋಣಿಗಟ್ಟೆಯಲ್ಲಿ ತಕ್ಕಡಿ ಹಿಡಿದಿದ್ದಾಳೆ,
ಎಲ್ಲ ತೊಳೆದಿದ್ದಾಳೆ, ಅದೊಂದು ಉಳಿದಿದೆ.
ಮೂರು ದೀಪದ ಬೆಳಕು, ಮೂರೂ ನನ್ನವೇ.
ಕೈ ಆಡಿದಂತೆಲ್ಲ ಮಿಣುಕ್,
ಮುಂದಿನ ಸಾಲಿನ ಅಧಿಕಾರಿಯ ಕಣ್ಣು
ಬೆಕ್ಕಿನ ಕಣ್ಣಿನಂತೆ ಅದರ ಹಿಂದೆ.

ನನ್ನ ಕಾಯಿದೆಯ ಪ್ರಕಾರ ಎಡದ ದೀಪ ಇಳಿಸಬೇಕು.
ಬೆರಳು ಗುಂಡಿಯ ಮೇಲೇ ಇತ್ತು.
ಆಗ ಅವಳು, ‘ಅಪ್ಪನ ಕಾಲಕ್ಕೆ ಬಲೆ ಇಲ್ಲಿಯವರೆಗೆ ತುಂಬುತ್ತಿತ್ತು,
ಈಗ ಇಲ್ಲಿಗೆ’ ಎಂದು
ಕೈಯನ್ನು ಎದೆಯಿಂದ ಮೊಣಕಾಲಿಗೆ ಇಳಿಸಿದಳು.
ಹುರುಪೆಯೂ ಇಳಿಯಿತು,
ಅಧಿಕಾರಿಯ ಕಣ್ಣೂ.
ಒತ್ತಲಿಲ್ಲ ನಾನು. ಯಾಕೆಂದು ಕೇಳಬೇಡಿ,
ಬರೀ ಸೋಮಾರಿತನವೂ ಇರಬಹುದು.

ಪ್ರಶ್ನೆಗಳ ಹೊತ್ತು. ಕೈಮೈಕು ಹಿಡಿದು
ಸಾಲುಗಳ ನಡುವೆ ಓಡಾಡಿದೆ.
ಎಲ್ಲೋ ಕಿಣಿಕಿಣಿ. ಹೆಜ್ಜೆಗೊಮ್ಮೆ ಕಿಣಿಕಿಣಿ.
ಯಾರಪ್ಪಾ ಇದು, ಇಷ್ಟು ಹೇಳಿದರೂ,
ಎಂದು ಸಿಟ್ಟಿನಿಂದ ಸುತ್ತ ನೋಡಿದರೆ
ಎಲ್ಲರೂ ನನ್ನ ಜೇಬನ್ನೇ ನೋಡುತ್ತಿದ್ದರು.

ವೇದಿಕೆಯ ಮೇಲೆ ಅವಳು
ಬರಿಯ ಕಿವಿಯನ್ನು ಮುಟ್ಟಿಕೊಂಡಳು,
ಅಷ್ಟು ಹೊತ್ತಿಗೆ ಮೊದಲ ಸಲ.